ಉಚಿತ ಕರೆಂಟ್ ಬಗ್ಗೆ ನನ್ನ ಮಾತು

ಎಲ್ಲರಿಗೂ ನಮಸ್ಕಾರ. ನಿನ್ನೆ ರಾಜ್ಯ ಸರ್ಕಾರದ ಉಚಿತ ಕರೆಂಟ್ ಯೋಜನೆ ಗೃಹಜ್ಯೋತಿಯ ವಿಷಯದಲ್ಲಿ ಗುಂಪಿನಲ್ಲಿ ಮಾತು ಜೋರಾಯಿತು. ನನ್ನ ಅಭಿಪ್ರಾಯ ಕೇಳಿದ್ದಿರಿ, ಬರೆಯುತ್ತಿದ್ದೇನೆ.

ಬಳಸಿದ್ದಕ್ಕೆ ಕಾಸು ಕೊಡಬೇಕು ಅನ್ನುವ ಮನೆಯಲ್ಲಿ ಬೆಳೆದವನು ನಾನು. ಬಡವರಿಗೆ ಉಚಿತವಾಗಿ ಕೊಡಲಿ, ಅದು ಸರಿ. ಆದರೆ 2023ರಿಂದ ತಿಂಗಳಿಗೆ 200 ಯೂನಿಟ್‌ವರೆಗೆ ಕಾರು, ಸ್ವಂತ ಮನೆ ಇರುವ ನಮ್ಮಂಥವರಿಗೂ ಸಿಗುತ್ತಿದೆ. ಆ ಹಣ ನಮ್ಮ ತೆರಿಗೆಯದೇ ಅಲ್ವಾ? ಹೊಸ ಲೈನು, ಹೊಸ ಟ್ರಾನ್ಸ್‌ಫಾರ್ಮರ್‌ಗೆ ಹೋಗಬಹುದಿತ್ತು.

1902ರಲ್ಲೇ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಕರೆಂಟ್ ಕೊಟ್ಟ ನಾಡು ನಮ್ಮದು. ಲಿಂಗನಮಕ್ಕಿ ಅಣೆಕಟ್ಟೆಗಾಗಿ ಶರಾವತಿ ಕಣಿವೆಯ ಜನ ಮನೆ, ಗದ್ದೆ, ತೋಟ ಬಿಟ್ಟು ಹೊರಟರು. ಅವರನ್ನು ನೆನೆದರೆ ಕರೆಂಟನ್ನು ಸುಮ್ನೆ ಸಿಗುವ ವಸ್ತು ಅನ್ನಲು ನನಗೆ ಮನಸ್ಸು ಬರುವುದಿಲ್ಲ.

ಪಾವಗಡದ ಸೋಲಾರ್ ಪಾರ್ಕ್ ನನಗೆ ಇಷ್ಟ. 2,050 ಮೆಗಾವಾಟ್, ಅದೂ ರೈತರ ಜಮೀನು ಕಿತ್ತುಕೊಳ್ಳದೆ, ಗುತ್ತಿಗೆಗೆ ಪಡೆದು. ಆದರೆ ಸೂರ್ಯ ಮುಳುಗಿದ ಮೇಲೆ? ಅದಕ್ಕೇ ಹಗಲು ರಾತ್ರಿ ಓಡುವ ಕೈಗಾ ಅಣು ವಿದ್ಯುತ್ ಸ್ಥಾವರ ಬೇಕು ಅನ್ನುತ್ತೇನೆ. ಅಲ್ಲಿನ ಒಂದನೇ ಘಟಕ 2018ರ ಕೊನೆಯವರೆಗೆ 962 ದಿನ ನಿಲ್ಲದೆ ಓಡಿತ್ತು.

ಒಪ್ಪದವರು ಖಂಡಿತ ಬರೆಯಿರಿ, ಪೂರ್ತಿ ಓದುತ್ತೇನೆ. ಪಕ್ಷಗಳ ಫಾರ್ವರ್ಡ್, ಜಾತಿ ಹಿಡಿದು ಬೈಯುವುದು ಮಾತ್ರ ಬೇಡ. ಅಂಥ ಮೆಸೇಜ್ ಇವತ್ತಿನಿಂದ ಅಳಿಸುತ್ತೇನೆ.