ಮುಂದಿನ ಒಪ್ಪಂದವನ್ನಾದರೂ ನಮ್ಮ ಮುಂದೆ ಬಿಚ್ಚಿಡಿ: ಆಶ್‌ಫರ್ಡ್ ಸಂಸದ ಸೋಜನ್ ಜೋಸೆಫ್ ಅವರಿಗೆ ಬಹಿರಂಗ ಪತ್ರ

ಮಾನ್ಯ ಸೋಜನ್ ಜೋಸೆಫ್ ಅವರೇ,

ನಮಸ್ಕಾರ. ನೀವು ಕೇರಳದವರು, ಬೆಂಗಳೂರಿನಲ್ಲಿ ನರ್ಸಿಂಗ್ ಓದಿದವರು. ಕನ್ನಡ ನಿಮ್ಮ ಕಿವಿಗೆ ಬಿದ್ದೇ ಇರುತ್ತದೆ ಅನ್ನುವ ಧೈರ್ಯದ ಮೇಲೆ ಇದನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ಇಂಗ್ಲಿಷ್ ಪ್ರತಿಯನ್ನು ನಿಮ್ಮ ಕಚೇರಿಗೆ ಬೇರೆಯಾಗಿ ಕಳಿಸುತ್ತೇನೆ. ವಿಷಯ ಇಷ್ಟೇ: ಬ್ರಿಟನ್ ಯುರೋಪಿಯನ್ ಒಕ್ಕೂಟದ ಜೊತೆ ಮಾಡಿಕೊಳ್ಳುವ ಆಹಾರ ಒಪ್ಪಂದವನ್ನು ಜಾರಿಗೆ ಮೊದಲೇ ಜನರ ಮುಂದಿಡಿ. ಕನ್ನಡದಲ್ಲಿ ಬರೆಯಲು ಇನ್ನೊಂದು ಕಾರಣವೂ ಇದೆ. ಬ್ರೆಕ್ಸಿಟ್, ಅಂದರೆ ಬ್ರಿಟನ್ ಆ ಒಕ್ಕೂಟದಿಂದ ಹೊರಬಂದ ಮಾತು ಬಂದಾಗಲೆಲ್ಲ ಇಲ್ಲಿನ ನಮ್ಮವರು ಎಷ್ಟೋ ಜನ "ಅದು ಅವರವರ ಜಗಳ, ನಮಗ್ಯಾಕೆ" ಅಂದುಬಿಡುತ್ತಾರೆ. ಅದು ನಮ್ಮದೂ ಹೌದು. 2016ರ ಜೂನ್ 23ರ ಜನಮತದಲ್ಲಿ ನಾನು ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡೇ ಮತ ಹಾಕಿದೆ. ಕಾಮನ್‌ವೆಲ್ತ್ ದೇಶಗಳಿಂದ ಬಂದು ಇಲ್ಲಿ ನೆಲೆಸಿದವರಿಗೆ ಆ ಹಕ್ಕು ಇತ್ತು. ನನಗಿಂತ ಎಷ್ಟೋ ಮೊದಲು ಬಂದು ದುಡಿಯುತ್ತಿದ್ದ ಪಕ್ಕದ ಮನೆಯ ಪೋಲೆಂಡಿನವರಿಗೆ ಇರಲಿಲ್ಲ. ಹಾಗಾಗಿ ಇದರ ಫಲ ಏನಾಯಿತು ಅಂತ ಕೇಳುವುದೂ ನಮ್ಮ ಕೆಲಸವೇ.

ನಾನು ಕಸ್ಟಮ್ಸ್ ಡಿಕ್ಲರೇಷನ್, ಅಂದರೆ ಗಡಿ ದಾಟುವ ಸರಕಿನ ವಿವರದ ಅರ್ಜಿ ತುಂಬುವ ಕೆಲಸದಲ್ಲಿದ್ದೇನೆ. ಡೋವರ್ ಬಂದರು ಮತ್ತು ಚಾನೆಲ್ ಸುರಂಗದ ಮೂಲಕ ಹೋಗಿ ಬರುವ ಲಾರಿಗಳ ಕಾಗದಪತ್ರ ನಮ್ಮ ಮೇಜಿನ ಮೇಲೆ ತಯಾರಾಗುತ್ತದೆ. 2020ರ ಕೊನೆಯವರೆಗೆ ನಮ್ಮ ಕೆಂಟ್ ಕೌಂಟಿಯಿಂದ ಫ್ರಾನ್ಸಿಗೆ ಹೋಗುವ ಲಾರಿಗೂ ಇಂಗ್ಲೆಂಡಿನೊಳಗಿನ ಲೀಡ್ಸ್‌ಗೆ ಹೋಗುವ ಲಾರಿಗೂ ಕಾಗದದ ಮಟ್ಟಿಗೆ ಹೆಚ್ಚು ವ್ಯತ್ಯಾಸ ಇರಲಿಲ್ಲ. ಒಕ್ಕೂಟದ ಜೊತೆಗಿನ ಹೊಸ ವ್ಯಾಪಾರ ಒಪ್ಪಂದ ಜಾರಿಯಾಗಿ 2021ರ ಜನವರಿ 1ರಿಂದ ಎಲ್ಲವೂ ಬದಲಾಯಿತು. ನಮ್ಮಂಥವರಿಗೆ ಕೆಲಸ ಜಾಸ್ತಿಯಾಯಿತು. ನನ್ನ ಸಂಬಳ ಬರುವುದು ಈ ಕಾಗದಗಳಿಂದಲೇ. ಆದರೂ ಇವು ಕಡಿಮೆಯಾಗಲಿ ಅಂತಲೇ ಕೇಳುತ್ತಿದ್ದೇನೆ, ಯಾಕೆಂದರೆ ಇವು ಯಾರ ಹೆಗಲ ಮೇಲೆ ಬೀಳುತ್ತವೆ ಅನ್ನುವುದನ್ನು ದಿನವೂ ನೋಡುತ್ತೇನೆ.

ಒಂದು ಉದಾಹರಣೆ ಕೊಡುತ್ತೇನೆ. ಇಲ್ಲಿನ ಒಬ್ಬ ಸಣ್ಣ ಚೀಸ್ ತಯಾರಕರು ನೆದರ್‌ಲ್ಯಾಂಡ್ಸ್‌ನ ಅಂಗಡಿಯೊಂದಕ್ಕೆ ಒಂದು ಪ್ಯಾಲೆಟ್ ಚೀಸ್, ಅಂದರೆ ಒಂದು ಮರದ ಅಡ್ಡೆಯ ಮೇಲೆ ಜೋಡಿಸಿದಷ್ಟು, ಕಳಿಸಬೇಕು ಅಂತಿಟ್ಟುಕೊಳ್ಳಿ. ಮೊದಲು ಈ ಕಡೆಯ ರಫ್ತು ಡಿಕ್ಲರೇಷನ್. ಆಮೇಲೆ ಆ ಕಡೆಯ ಆಮದು ಡಿಕ್ಲರೇಷನ್. ಚೀಸ್ ಹಾಲಿನ ಪದಾರ್ಥ, ಹಾಗಾಗಿ ಪಶುವೈದ್ಯರು ಸಹಿ ಮಾಡಿದ ಆರೋಗ್ಯ ಪ್ರಮಾಣಪತ್ರ ಬೇಕೇ ಬೇಕು. ಅದು ಇಂಗ್ಲಿಷಿನಲ್ಲಿದ್ದರೆ ಸಾಲದು, ಸರಕು ಇಳಿಯುವ ದೇಶದ ಭಾಷೆಯಲ್ಲೂ ಇರಬೇಕು. ಅನ್ವಯಿಸದ ಸಾಲುಗಳನ್ನು ಒಂದೊಂದಾಗಿ ಹೊಡೆದುಹಾಕಿ ಪಕ್ಕದಲ್ಲಿ ಚಿಕ್ಕ ಸಹಿ ಮಾಡಿ ಸೀಲ್ ಒತ್ತಬೇಕು. ಸಹಿಯ ಶಾಯಿ ಅಚ್ಚಿನ ಬಣ್ಣಕ್ಕಿಂತ ಬೇರೆಯಾಗಿರಬೇಕು. ಕೊನೆಗೆ ಕೆಳಗಿರುವ ಮರದ ಪ್ಯಾಲೆಟ್! ಅದರ ಮರವನ್ನು 56 ಡಿಗ್ರಿ ಶಾಖದಲ್ಲಿ 30 ನಿಮಿಷ ಕಾಯಿಸಿರಬೇಕು, ಹಾಗೆ ಕಾಯಿಸಿದ್ದಕ್ಕೆ ಗೋಧಿ ತೆನೆಯ ಗುರುತಿನ ಮುದ್ರೆ ಮರದ ಮೇಲೇ ಇರಬೇಕು. ಮುದ್ರೆ ಅಳಿಸಿಹೋಗಿದ್ದರೆ ಅಲ್ಲೇ ತೊಂದರೆ ಶುರು.

ಒಂದು ಪ್ಯಾಲೆಟ್ಟಿಗೆ ಯಾರೂ ಇಡೀ ಲಾರಿ ಬಾಡಿಗೆಗೆ ಹಿಡಿಯುವುದಿಲ್ಲ. ಹತ್ತು ಹನ್ನೆರಡು ಜನರ ಸರಕು ಒಂದೇ ಲಾರಿಯಲ್ಲಿ ಹೋಗುತ್ತದೆ. ಒಬ್ಬರ ಕಾಗದದಲ್ಲಿ ಒಂದು ಸೀಲ್ ಬಿಟ್ಟುಹೋದರೆ ಅಷ್ಟೂ ಜನರ ಸರಕು ಗಡಿಯಲ್ಲಿ ನಿಲ್ಲುತ್ತದೆ. ಚೀಸ್ ಕಾಯುವುದಿಲ್ಲ. ಹಾಗೆ ಒಂದು ಸಲ ಆದ ಮೇಲೆ ಲಾರಿ ಕಂಪನಿಯವರು ಹಾಲು, ಮಾಂಸದ ಸಣ್ಣ ಆರ್ಡರುಗಳನ್ನು ಹತ್ತಿಸಿಕೊಳ್ಳಲು ಹಿಂದೆ ಮುಂದೆ ನೋಡುತ್ತಾರೆ. ಲಾರಿಗಟ್ಟಲೆ ಕಳಿಸುವ ದೊಡ್ಡ ಕಂಪನಿಗೆ ಈ ಖರ್ಚು ಸಾವಿರಾರು ಪೆಟ್ಟಿಗೆಗಳ ಮೇಲೆ ಹಂಚಿಹೋಗುತ್ತದೆ. ಒಂದು ಪ್ಯಾಲೆಟ್ ಕಳಿಸುವವರಿಗೆ ಲಾಭವೆಲ್ಲ ಅದರಲ್ಲೇ ಹೋಗುತ್ತದೆ. ನಾನು ಕಾಗದ ಮಾಡಿಕೊಡುತ್ತಿದ್ದ ಒಬ್ಬರು ಯುರೋಪಿಗೆ ಕಳಿಸುವುದನ್ನೇ ನಿಲ್ಲಿಸಿದರು. ಅವರದು ಒಂಟಿ ಕತೆಯಲ್ಲ. ಹೊಸ ಒಪ್ಪಂದ ಬಂದ ಮೇಲೆ ಸುಮಾರು 16,400 ಬ್ರಿಟಿಷ್ ಕಂಪನಿಗಳು ಯುರೋಪಿಯನ್ ಒಕ್ಕೂಟಕ್ಕೆ ರಫ್ತು ಮಾಡುವುದನ್ನು ಬಿಟ್ಟಿವೆ ಎಂದು ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್‌ನವರು 2024ರ ಕೊನೆಯಲ್ಲಿ ಲೆಕ್ಕ ಕೊಟ್ಟರು. ಹೆಚ್ಚಿನವು ಸಣ್ಣವು.

ಇಷ್ಟು ದೊಡ್ಡ ಬದಲಾವಣೆಗೆ ಸಂಸತ್ತು ಎಷ್ಟು ಹೊತ್ತು ಕೊಟ್ಟಿತ್ತು ಗೊತ್ತಲ್ವಾ? 2020ರ ಡಿಸೆಂಬರ್ 24ರಂದು ಆ ವ್ಯಾಪಾರ ಒಪ್ಪಂದ ಆಯಿತು. ಅದು 1,246 ಪುಟ. ಡಿಸೆಂಬರ್ 30ರಂದು ಒಂದೇ ದಿನದಲ್ಲಿ ಎರಡೂ ಸದನಗಳು ಅದರ ಮಸೂದೆ ಪಾಸು ಮಾಡಿದವು. ಮಾರನೆಯ ದಿನ ರಾತ್ರಿ 11 ಗಂಟೆಗೆ ಅದು ಜಾರಿ. ಕೆಳಮನೆಯಲ್ಲಿ 521 ಜನ ಪರವಾಗಿ ಮತ ಹಾಕಿದರು. ಇಡೀ ಪಠ್ಯ ಓದಿ ಅರ್ಥ ಮಾಡಿಕೊಂಡು ಮತ ಹಾಕಿದವರು ಅದರಲ್ಲಿ ಎಷ್ಟು ಜನ ಇರಲು ಸಾಧ್ಯ? ನಾವು ಕ್ರಿಸ್‌ಮಸ್ ರಜೆಯಲ್ಲಿ ಕೂತು ಹುಡುಕಿ ಹುಡುಕಿ ಓದಿದೆವು. ಜನವರಿಯಲ್ಲಿ ನೆದರ್‌ಲ್ಯಾಂಡ್ಸ್‌ನ ಬಂದರಿನಲ್ಲಿ ಅಧಿಕಾರಿಗಳು ಲಾರಿ ಚಾಲಕರ ಊಟದ ಹ್ಯಾಮ್ ಸ್ಯಾಂಡ್‌ವಿಚ್ಚುಗಳನ್ನೂ ಕಿತ್ತುಕೊಂಡದ್ದು ಟಿವಿಯಲ್ಲಿ ಬಂತು. ಮಾಂಸ, ಹಾಲಿನ ಪದಾರ್ಥ ಕೈಯಲ್ಲಿ ಒಯ್ಯುವಂತಿಲ್ಲ ಅಂತ ಆ ಚಾಲಕರಿಗೆ ಮೊದಲೇ ಗೊತ್ತಿರಲಿಲ್ಲ. ಅವರಿಗೆ ಸರಿಯಾಗಿ ಕೂರಿಸಿ ಹೇಳಿದವರೂ ಇರಲಿಲ್ಲ.

ಇದನ್ನೆಲ್ಲ ಹೇಳಿದ ಕೂಡಲೇ "ನೀನು ಸೋತ ಕಡೆಯವನು, ಇನ್ನೂ ಅಳುತ್ತಿದ್ದೀಯ" ಅನ್ನುವವರು ಇದ್ದಾರೆ. ನಾನು ಉಳಿಯುವ ಕಡೆ ಮತ ಹಾಕಿದವನು ನಿಜ. ಆದರೆ ಕೆಂಟ್‌ನಲ್ಲಿ 100ಕ್ಕೆ ಸುಮಾರು 59 ಜನ ಹೊರಗೆ ಹೋಗುವ ಕಡೆ ಹಾಕಿದರು. ನನ್ನ ಜೊತೆ ಕೆಲಸ ಮಾಡುವವರಲ್ಲೂ ಅವರೇ ಜಾಸ್ತಿ. ಅವರನ್ನು ದಡ್ಡರು ಅಂತಲೋ ಬೇರೆಯವರನ್ನು ಕಂಡರಾಗದವರು ಅಂತಲೋ ತಳ್ಳಿಹಾಕುವವರ ಜೊತೆ ನಾನಿಲ್ಲ. ನಮ್ಮ ಕಾನೂನು ಮಾಡುವವರನ್ನು ನಾವೇ ಆರಿಸಬೇಕು, ಬೇಡವಾದರೆ ನಾವೇ ಇಳಿಸಬೇಕು ಅನ್ನುವುದು ಅವರ ಮಾತು. ಅದು ತೂಕದ ಮಾತು. ಆ ಮಾತಿಗೆ ಗೌರವ ಕೊಡುವುದು ಅಂದರೆ ಏನೇನು ಬಿಟ್ಟುಕೊಟ್ಟು ಏನೇನು ಪಡೆದೆವು ಅಂತ ಅವರಿಗೆ ನೇರವಾಗಿ ಹೇಳುವುದು. ಒಕ್ಕೂಟಕ್ಕೆ ವಾರಕ್ಕೆ 35 ಕೋಟಿ ಪೌಂಡ್ ಕಳಿಸುತ್ತಿದ್ದೇವೆ ಅಂತ ಪ್ರಚಾರದ ಬಸ್ಸಿನ ಮೇಲೆ ಬರೆದವರು ಅದನ್ನು ಮಾಡಲಿಲ್ಲ. ಆಮೇಲೆ ಬಂದವರೂ ಪೂರ್ತಿ ಮಾಡುತ್ತಿಲ್ಲ.

ನಮ್ಮೂರಿನ ಸೆವಿಂಗ್ಟನ್ ಬಗ್ಗೆ ನಿಮಗೆ ನಾನು ಹೇಳಬೇಕಿಲ್ಲ. ಹಳೆಯ ಸೇಂಟ್ ಮೇರೀಸ್ ಚರ್ಚಿನ ಪಕ್ಕದ ಹೊಲಗಳಲ್ಲಿ 2020ರಲ್ಲಿ ಬುಲ್ಡೋಜರ್ ಇಳಿದವು. ಈಗ ಅಲ್ಲಿ ಯುರೋಪಿನಿಂದ ಒಳಬರುವ ಲಾರಿಗಳ ಗಡಿ ತಪಾಸಣೆಯ ದೊಡ್ಡ ಅಂಗಳ ಇದೆ. ರಾತ್ರಿಯಿಡೀ ಉರಿಯುವ ದೀಪಗಳ ಬಗ್ಗೆ ಸುತ್ತಲಿನ ಹಳ್ಳಿಗಳವರು ದೂರುತ್ತಲೇ ಬಂದಿದ್ದಾರೆ. ಡೋವರ್‌ನಿಂದ ಇದು 22 ಮೈಲಿ ದೂರ. ಬಂದರಿಗೆ ಬಂದ ಲಾರಿಗೆ "ತಪಾಸಣೆಗೆ ಸೆವಿಂಗ್ಟನ್‌ಗೆ ಹೋಗು" ಅಂತ ಹೇಳಿದರೆ ಅದು ಯಾರ ಕಾವಲೂ ಇಲ್ಲದೆ ಇಷ್ಟು ದೂರ ಬರಬೇಕು. ಕಳ್ಳ ಮಾಂಸ ತರುವವನು ಬರುತ್ತಾನಾ ಅಂತ ಡೋವರ್ ಬಂದರಿನ ಆರೋಗ್ಯ ಅಧಿಕಾರಿಗಳೇ ಕೇಳಿದ್ದಾರೆ. ನಿಯಮ ಪಾಲಿಸುವ ಆಮದುದಾರರು ಮಾತ್ರ 2024ರ ಏಪ್ರಿಲ್ 30ರಿಂದ ಒಂದೊಂದು ಬಗೆಯ ಸರಕಿಗೆ 29 ಪೌಂಡ್‌ವರೆಗೆ, ಒಂದು ಖೇಪಿಗೆ ಹೆಚ್ಚೆಂದರೆ 145 ಪೌಂಡ್ ಶುಲ್ಕ ಕಟ್ಟುತ್ತಿದ್ದಾರೆ. ಲಾರಿ ನಿಲ್ಲಲಿ ಬಿಡಲಿ, ಶುಲ್ಕ ಕಟ್ಟಲೇಬೇಕು. ಗಡಿಯ ಹೊಸ ವ್ಯವಸ್ಥೆಗೆ ಸರ್ಕಾರ ಕನಿಷ್ಠ 470 ಕೋಟಿ ಪೌಂಡ್ ಖರ್ಚು ಮಾಡುತ್ತದೆ ಎಂದು ರಾಷ್ಟ್ರೀಯ ಲೆಕ್ಕಪರಿಶೋಧನಾ ಕಚೇರಿ ಹೇಳಿದೆ. ತಪಾಸಣೆ ಶುರು ಮಾಡುವ ದಿನವನ್ನು ಐದು ಸಲ ಮುಂದೂಡಿದರು. ಹಣ್ಣು ತರಕಾರಿಯ ತಪಾಸಣೆಯನ್ನಂತೂ ಶುರುವಾಗುವ ಹೊತ್ತಿಗೆ, 2025ರ ಜೂನ್‌ನಲ್ಲಿ, ಕೈಬಿಟ್ಟರು. ಅದಕ್ಕಾಗಿ ಸಿದ್ಧತೆ ಮಾಡಿಕೊಂಡವರ ದುಡ್ಡು ನೀರಿನಲ್ಲಿ ಹೋಯಿತು.

ಕೈಬಿಡಲು ಕಾರಣ ಇತ್ತು. 2025ರ ಮೇ 19ರಂದು ಲಂಡನ್ನಿನ ಲ್ಯಾಂಕಾಸ್ಟರ್ ಹೌಸ್‌ನಲ್ಲಿ ಪ್ರಧಾನಿ ಕೀರ್ ಸ್ಟಾರ್ಮರ್ ಮತ್ತು ಯುರೋಪಿಯನ್ ಒಕ್ಕೂಟದ ಆಡಳಿತ ಮುಖ್ಯಸ್ಥೆ ಉರ್ಸುಲಾ ಫಾನ್ ಡೆರ್ ಲೇಯೆನ್ ಹೊಸ ದಾರಿಗೆ ಒಪ್ಪಿದರು. ಆಹಾರ, ಪ್ರಾಣಿ, ಸಸ್ಯ ಪದಾರ್ಥಗಳಿಗೆ ಒಂದೇ ನಿಯಮದ ಒಪ್ಪಂದ ಮಾಡಿಕೊಳ್ಳುವುದು ಅದರ ಮುಖ್ಯ ಭಾಗ. ಅದು ಬಂದರೆ ಆ ಚೀಸಿನ ಆರೋಗ್ಯ ಪ್ರಮಾಣಪತ್ರವೇ ಬೇಡ. ನಾನು ಅದನ್ನು ಮನಸಾರೆ ಸ್ವಾಗತಿಸುತ್ತೇನೆ. 2027ರ ಹೊತ್ತಿಗೆ ಜಾರಿ ಮಾಡುವ ಗುರಿ ಇದೆಯಂತೆ.

ಆದರೆ ಇದಕ್ಕೆ ಬೆಲೆ ಇದೆ. ಯುರೋಪ್ ತನ್ನ ಆಹಾರ ನಿಯಮ ಬದಲಿಸಿದಾಗ ನಾವೂ ಬದಲಿಸಬೇಕು. ಆ ನಿಯಮ ಮಾಡುವಾಗ ನಮ್ಮ ಅಭಿಪ್ರಾಯ ಕೇಳುತ್ತಾರೆ, ಆದರೆ ನಮಗೆ ಮತ ಇಲ್ಲ. ಯುರೋಪಿನ ಕಾನೂನಿಗೆ ಏನರ್ಥ ಅನ್ನುವುದರಲ್ಲಿ ಕೊನೆಯ ಮಾತು ಯುರೋಪಿನ ನ್ಯಾಯಾಲಯದ್ದು. ಅದೇ ದಿನ ಯುರೋಪಿನ ದೋಣಿಗಳಿಗೆ ನಮ್ಮ ಸಮುದ್ರದಲ್ಲಿ ಮೀನು ಹಿಡಿಯಲು 2038ರವರೆಗೆ ಅವಕಾಶ ಕೊಟ್ಟರು. ಇನ್ನೂ 12 ವರ್ಷ! ರಿಫಾರ್ಮ್ ಪಕ್ಷದ ನೈಜೆಲ್ ಫರಾಜ್ ಅವರೂ ಕನ್ಸರ್ವೇಟಿವ್ ಪಕ್ಷದ ಕೆಮಿ ಬೇಡನಾಕ್ ಅವರೂ ಇದನ್ನು ಶರಣಾಗತಿ ಅಂತ ಕರೆದರು. ನಾನು ಆ ಪದ ಒಪ್ಪುವುದಿಲ್ಲ. ಆದರೆ ನಿಮ್ಮ ಲೇಬರ್ ಸರ್ಕಾರ ಬೆಲೆಯ ಮಾತು ಬಂದಾಗ ದನಿ ತಗ್ಗಿಸುತ್ತದೆ. ಅಂಗಡಿಯಲ್ಲಿ ಆಹಾರ ಅಗ್ಗವಾಗುತ್ತದೆ, ಯುರೋಪಿನ ವಿಮಾನ ನಿಲ್ದಾಣದಲ್ಲಿ ಪಾಸ್‌ಪೋರ್ಟ್ ತಾನೇ ನೋಡುವ ಇ-ಗೇಟ್ ಸಿಗುತ್ತದೆ ಅಂತ ಮೊದಲು ಹೇಳಿ ಉಳಿದದ್ದನ್ನು ಸಣ್ಣ ಅಕ್ಷರದಲ್ಲಿ ಬರೆಯುತ್ತದೆ. ಹಾಗೆ ಮಾಡಿದರೆ ನನ್ನ ಸಹೋದ್ಯೋಗಿಗಳು "ನೋಡು, ಮತ್ತೆ ನಮ್ಮ ಕಣ್ಣು ತಪ್ಪಿಸಿದರು" ಅನ್ನುತ್ತಾರೆ, ಮುಂದಿನ ಚುನಾವಣೆಯಲ್ಲಿ ಇದನ್ನು ಹರಿದುಹಾಕುವವರಿಗೆ ಮತ ಹಾಕುತ್ತಾರೆ. ಆಗ ನಮ್ಮ ಚೀಸಿನವರು ಮತ್ತೆ ಶುರುವಿನಿಂದ ಪಶುವೈದ್ಯರನ್ನು ಹುಡುಕಬೇಕಾಗುತ್ತದೆ.

ಕಸ್ಟಮ್ಸ್ ಒಕ್ಕೂಟದ ವಿಷಯದಲ್ಲೂ ಹೀಗೇ. ಅಂದರೆ ಸೇರಿದ ದೇಶಗಳ ನಡುವೆ ಸುಂಕ ಇಲ್ಲ, ಹೊರಗಿನವರಿಗೆ ಎಲ್ಲರದೂ ಒಂದೇ ಸುಂಕ. 2019ರ ಏಪ್ರಿಲ್ 1ರಂದು ಅದಕ್ಕೆ 273 ಮತ ಬಿತ್ತು, ವಿರುದ್ಧ 276. ಮೂರೇ ಮತ. 2025ರ ಡಿಸೆಂಬರ್‌ನಲ್ಲಿ ಅದೇ ವಿಷಯದ ಸಣ್ಣ ಮಸೂದೆ ಬಂದಾಗ 100-100 ಸಮ ಆಗಿ ಉಪಸಭಾಧ್ಯಕ್ಷರ ಮತದಿಂದ ಮುಂದೆ ಹೋಯಿತು. 650 ಜನರ ಸದನದಲ್ಲಿ ಉಳಿದವರೆಲ್ಲ ಆ ಹೊತ್ತಿಗೆ ದೂರ ಉಳಿದರು. ಹತ್ತು ವರ್ಷದಿಂದ ದೇಶ ಎರಡು ಭಾಗವಾಗಿ ವಾದ ಮಾಡುತ್ತಿರುವ ವಿಷಯಕ್ಕೆ ಬೇಕು ಅಂತಲೋ ಬೇಡ ಅಂತಲೋ ಎದ್ದು ನಿಂತು ಹೇಳಬೇಡವೇ?

ಬೇಡ ಅನ್ನಲು ಸರ್ಕಾರ ಕೊಡುವ ಒಂದು ಕಾರಣ ಭಾರತ. 2025ರ ಜುಲೈ 24ರಂದು ಸಹಿಯಾದ ಭಾರತ-ಬ್ರಿಟನ್ ಒಪ್ಪಂದ ನಮ್ಮವರಿಗೆಲ್ಲ ಖುಷಿ ಕೊಟ್ಟಿತು, ನನಗೂ ಕೊಟ್ಟಿತು. ಬೆಂಗಳೂರಿನಲ್ಲಿ ಹೊಲಿದ ಬಟ್ಟೆಗೆ ಇಲ್ಲಿ ಸುಂಕ ಇಲ್ಲ ಅಂದರೆ ಆ ಗಾರ್ಮೆಂಟ್ಸ್ ಹೆಣ್ಣುಮಕ್ಕಳ ಕೆಲಸಕ್ಕೆ ಅದು ಒಳ್ಳೆಯದೇ. ಕಸ್ಟಮ್ಸ್ ಒಕ್ಕೂಟ ಸೇರಿದರೆ ಅದರ ಸುಂಕದ ಭಾಗವನ್ನು ಮತ್ತೆ ಬಿಚ್ಚಬೇಕಾಗುತ್ತದೆ ಅನ್ನುವುದೂ ನಿಜ. ಆದರೆ ಎರಡೂ ಲೆಕ್ಕ ಅಕ್ಕಪಕ್ಕ ಇಡಿ. ಭಾರತದ ಒಪ್ಪಂದದಿಂದ ದೇಶದ ಆದಾಯ ಕಾಲಾಂತರದಲ್ಲಿ ಶೇಕಡಾ 0.13 ಹೆಚ್ಚುತ್ತದೆ ಅಂತ ಸರ್ಕಾರದ್ದೇ ಅಂದಾಜು. ಬ್ರೆಕ್ಸಿಟ್‌ನಿಂದ ದೇಶದ ಉತ್ಪಾದಕತೆ ಕಾಲಾಂತರದಲ್ಲಿ ಶೇಕಡಾ 4 ಕಡಿಮೆಯಾಗುತ್ತದೆ ಅನ್ನುವುದು ಬಜೆಟ್ ಹೊಣೆಗಾರಿಕೆ ಕಚೇರಿಯ ಅಂದಾಜು. ಭಾರತದ ಹೆಸರು ಹೇಳಿ ಈ ಚರ್ಚೆಯನ್ನು ಮುಚ್ಚಿಹಾಕಬೇಡಿ. ಇಲ್ಲಿನ ಭಾರತೀಯನಾಗಿ ನನ್ನ ಕೋರಿಕೆ ಅದು. 2016ರಲ್ಲೂ ಯುರೋಪಿನವರು ಬರುವುದು ಕಡಿಮೆಯಾದರೆ ನಿಮ್ಮವರಿಗೆ ಬಾಗಿಲು ತೆರೆಯುತ್ತದೆ ಅಂತ ಹೊರಗೆ ಹೋಗುವ ಕಡೆಯವರು ನಮ್ಮವರಿಗೆ ಹೇಳಿದ್ದರು. ತೆರೆದದ್ದೂ ನಿಜ. ಆದರೆ 2024ರಿಂದ ಕೇರ್ ಕೆಲಸಕ್ಕೆ, ಅಂದರೆ ವಯಸ್ಸಾದವರನ್ನು, ಕೈಲಾಗದವರನ್ನು ನೋಡಿಕೊಳ್ಳುವ ಕೆಲಸಕ್ಕೆ ಬರುವವರು ಹೆಂಡತಿ, ಗಂಡ, ಮಕ್ಕಳನ್ನು ಕರೆತರುವಂತಿಲ್ಲ. 2025ರ ಜುಲೈನಿಂದ ಹೊರದೇಶದಿಂದ ಆ ಕೆಲಸಕ್ಕೆ ಹೊಸಬರನ್ನು ತೆಗೆದುಕೊಳ್ಳುವುದೇ ನಿಂತಿದೆ. ನರ್ಸ್ ಆಗಿ ದುಡಿದ ನಿಮಗೆ ಆ ಕೆಲಸದವರ ಪರಿಸ್ಥಿತಿ ನನಗಿಂತ ಚೆನ್ನಾಗಿ ಗೊತ್ತು.

ನನ್ನ ಬೇಡಿಕೆ ದೊಡ್ಡದಲ್ಲ. ಆಹಾರ ಒಪ್ಪಂದದ ಕರಡು ಸಂಸತ್ತಿಗೆ ಬರುವ ಮೊದಲೇ ಆಶ್‌ಫರ್ಡ್‌ನಲ್ಲಿ ಒಂದು ಬಹಿರಂಗ ಸಭೆ ಕರೆಯಿರಿ. ಹೊರಗೆ ಹೋಗುವ ಕಡೆ ಮತ ಹಾಕಿದವರನ್ನು ಮುಂದಿನ ಸಾಲಿನಲ್ಲಿ ಕೂರಿಸಿ. ಏನು ಕೊಡುತ್ತೇವೆ, ಏನು ಸಿಗುತ್ತದೆ, ಯಾವ ನಿಯಮದಲ್ಲಿ ನಮಗೆ ಮತ ಇರುವುದಿಲ್ಲ ಅಂತ ಬಾಯಿಬಿಟ್ಟು ಹೇಳಿ. ಆರೋಗ್ಯ ತಪಾಸಣೆ ಹೋದರೆ ಸೆವಿಂಗ್ಟನ್‌ನ ಆ ಅಂಗಳ ಏನಾಗುತ್ತದೆ, ಅಲ್ಲಿ ಕೆಲಸಕ್ಕಿರುವವರು ಏನಾಗುತ್ತಾರೆ ಅಂತಲೂ ಹೇಳಿ. 2020ರಿಂದ ಅಂತರರಾಷ್ಟ್ರೀಯ ರೈಲೇ ನಿಲ್ಲದ ಆಶ್‌ಫರ್ಡ್ ಇಂಟರ್‌ನ್ಯಾಷನಲ್ ನಿಲ್ದಾಣದ ಪ್ರಶ್ನೆಯೂ ಬಂದೇ ಬರುತ್ತದೆ, ಅದಕ್ಕೂ ಸಿದ್ಧರಾಗಿ ಬನ್ನಿ. ಒಪ್ಪಂದದ ಪೂರ್ತಿ ಪಠ್ಯ ಜಾರಿಗೆ ಕನಿಷ್ಠ ಆರು ತಿಂಗಳು ಮೊದಲು ಸಣ್ಣ ವ್ಯಾಪಾರಿಗಳ ಕೈಗೆ ಸಿಗಬೇಕು ಅಂತ ಯುರೋಪ್ ಸಂಬಂಧ ನೋಡಿಕೊಳ್ಳುವ ಸಚಿವರ ಮೇಲೆ ಒತ್ತಡ ಹಾಕಿ. ಕ್ರಿಸ್‌ಮಸ್ ರಜೆಯಲ್ಲಿ ಕೊಟ್ಟು ಹೊಸ ವರ್ಷಕ್ಕೆ ಜಾರಿ ಅನ್ನುವುದು ಇನ್ನೊಂದು ಸಲ ಬೇಡ.

ಸಭೆಯ ದಿನ ತಿಳಿಸಿದರೆ ಕಾಗದಗಳ ಸಮೇತ ಬರುತ್ತೇನೆ. ಒಂದು ಪ್ಯಾಲೆಟ್ ಚೀಸಿಗೆ ಎಷ್ಟು ಪುಟ ಆಗುತ್ತದೆ ಅಂತ ಜನ ಅಲ್ಲೇ ಎಣಿಸಿ ನೋಡಲಿ.

ಇಂತಿ ನಿಮ್ಮ ಕ್ಷೇತ್ರದ ಮತದಾರ,
ಆಶ್‌ಫರ್ಡ್, ಕೆಂಟ್