ಗಣಪತಿ ಕಳಿಸಿದ ರಾತ್ರಿಯ ಮಾತು

ದೋಸ್ತಾ,

ಪುಣೆಯಲ್ಲಿ ಮಳೆ ನಿಂತಿತಾ? ಇಲ್ಲಿ ಇನ್ನೂ ನಿಂತಿಲ್ಲ. ತೊಗರಿ ಬುಡದಲ್ಲಿ ನೀರು ನಿಂತು ಎಲೆ ಹಳದಿಯಾಗುತ್ತಿದೆ. ಮೂರು ದಿನದಿಂದ ಹೊಲದ ಕಡೆ ಹೋಗಲು ಮನಸ್ಸೇ ಬರುತ್ತಿಲ್ಲ.

ಫೋನ್ ಮಾಡಿ ಹೇಳಬಹುದಿತ್ತು. ಇವತ್ತು ಎರಡು ಸಲ ನಿನ್ನ ನಂಬರ್ ಒತ್ತಿದೆ, ರಿಂಗ್ ಆಗುವ ಮೊದಲೇ ಕಟ್ ಮಾಡಿದೆ. ಫೋನಲ್ಲಿ ಹೇಳಿದರೆ ನೀನು "ಬಿಡಲೇ, ಹಳೇ ಮಾತು" ಅಂತ ಅರ್ಧಕ್ಕೇ ನಿಲ್ಲಿಸುತ್ತೀಯ. ಅದಕ್ಕೇ ಬರೆಯುತ್ತಿದ್ದೇನೆ, ಎಲ್ಲರೂ ಓದುವ ಹಾಗೆ ಇಲ್ಲೇ ಹಾಕುತ್ತಿದ್ದೇನೆ. ನಮ್ಮ ಕ್ಲಾಸಿನವರು ಓದುತ್ತಾರೆ, ಊರಿನವರೂ ಓದುತ್ತಾರೆ. ಓದಲಿ. ಹಸಿರು ಛತ್ರಿಯ ಸುದ್ದಿ ಮಾತ್ರ ಎತ್ತುವುದಿಲ್ಲ, ಅದು ನಮ್ಮಿಬ್ಬರದು.

ನಿನ್ನೆ ರಾತ್ರಿ ಊರಲ್ಲಿ ಗಣಪತಿ ಕಳಿಸಿದೆವು. ನಮ್ಮ ಕಾಲದ ಹಲಗೆ, ಲೇಜಿಮು ಈಗಿಲ್ಲ. ಟ್ರ್ಯಾಕ್ಟರ್ ಮೇಲೆ ಡಿಜೆ. ನಾನು ಆರತಿ ಮುಗಿಸಿಕೊಂಡು ಬೇಗ ಬಂದು ಮಲಗಿದ್ದೆ. ಹೆಂಡತಿ ಮೆರವಣಿಗೆ ನೋಡಲು ಹೋಗಿದ್ದಳು. ಮಗಳಿಗೆ ಸ್ವಲ್ಪ ಜ್ವರ, ಒಳಗಿನ ಕೋಣೆಯಲ್ಲಿ ಮಲಗಿದ್ದಳು. ಹನ್ನೊಂದರ ಸುಮಾರಿಗೆ ಡಿಜೆ ನಮ್ಮ ಓಣಿಗೆ ತಿರುಗಿತಂತೆ. ನಿದ್ದೆಯಲ್ಲಿ ನನಗೆ ಹಾಡು ಕೇಳಿಸಲಿಲ್ಲ. ಅಡುಗೆ ಮನೆಯ ಸ್ಟ್ಯಾಂಡಿನಲ್ಲಿ ಸ್ಟೀಲ್ ತಾಟುಗಳು ಒಂದಕ್ಕೊಂದು ತಾಗಿ ಟಣಟಣ ಅನ್ನುವುದಷ್ಟೇ ಕೇಳಿಸಿತು.

ಎಚ್ಚರ ಆದಾಗ ನಾನು ಅಂಗಳದಲ್ಲಿದ್ದೆ. ಬರಿಗಾಲಲ್ಲಿ, ಕೆಸರಲ್ಲಿ. ಹಿಂದಿನಿಂದ ಮಗಳ ಧ್ವನಿ ಬಂತು. "ಅಪ್ಪಾ, ಯಾಕ ಓಡಿದಿ?"

ಚಾದರ ಹೊದ್ದುಕೊಂಡು ಬಾಗಿಲಲ್ಲಿ ನಿಂತಿದ್ದಳು. "ಡಿಜೆ ಮಂದಿಗಿ ಬೈಯಾಕ ಹೊಂಟಿದ್ದೆ" ಅಂದೆ. ಅವಳು ನಂಬಿದಳು. ನಾನು ಬೆಳಗಾಗುವ ತನಕ ನಿದ್ದೆ ಮಾಡಲಿಲ್ಲ.

ಆ ಟಣಟಣ ನಿನಗೂ ನೆನಪಿದೆ ಅಲ್ವಾ?

1993. ಸೆಪ್ಟೆಂಬರ್ 29, ಅನಂತ ಚತುರ್ದಶಿ. ನಾವು ಏಳನೇ ಕ್ಲಾಸು. ಗಣಪತಿಯನ್ನು ಬಾವಿಗೆ ಬಿಟ್ಟು ಮನೆಗೆ ಬರುವಾಗ ಅರ್ಧ ರಾತ್ರಿ ಆಗಿತ್ತು. ನೀನು ಎರಡೂ ಕಿಸೆಯಲ್ಲಿ ಚುರುಮುರಿ ಪ್ರಸಾದ ತುಂಬಿಕೊಂಡಿದ್ದೆ. ದಾರಿಯುದ್ದಕ್ಕೂ ತಿಂದೆವು. ನಾನು ಮನೆಗೆ ಬಂದವನೇ ನಮ್ಮಜ್ಜಿ ಆಯಿಯ ಪಕ್ಕ ಬಿದ್ದುಕೊಂಡೆ. ಅಪ್ಪ, ಅವ್ವ, ಅಕ್ಕ ಹೊರಗಿನ ಪಡಸಾಲೆಯಲ್ಲಿ ಮಲಗಿದ್ದರು. ಒಳಗೆ ನಾನು, ಆಯಿ ಇಬ್ಬರೇ.

ಬೆಳಗಿನ ಜಾವ 3 ಗಂಟೆ 56 ನಿಮಿಷ. ಗಂಟೆ ಆಮೇಲೆ ರೇಡಿಯೊ ಹೇಳಿದ್ದು. ಆಗ ನನಗೆ ಗೊತ್ತಾಗಿದ್ದು ಕಲ್ಲು ತುಂಬಿದ ಲಾರಿ ಮನೆಯ ಕೆಳಗೇ ಹಾದುಹೋದಂಥ ಸದ್ದು. ಆಮೇಲೆ ಹಲಗೆಯ ಮೇಲೆ ಸಾಲಾಗಿ ಇಟ್ಟಿದ್ದ ಹಿತ್ತಾಳೆ ತಂಬಿಗೆಗಳು ನಡುಗಿದವು. ಒಂದು ಬಿತ್ತು, ಉರುಳುತ್ತಾ ಬಂತು. ಜಂತಿಯ ಸಂದಿಯಿಂದ ಮಣ್ಣು ಮುಖದ ಮೇಲೆ ಸುರಿಯಿತು. ಬಾಯಿ ತುಂಬ ಮಣ್ಣು. ಇವತ್ತಿಗೂ ಮೊದಲ ಮಳೆಯ ಮಣ್ಣಿನ ವಾಸನೆ ಎಲ್ಲರಿಗೂ ಹಿತ ಅನಿಸುತ್ತದೆ, ನನ್ನ ಗಂಟಲು ಒಣಗುತ್ತದೆ.

ಮುಂದಿನದನ್ನು ಸ್ವಲ್ಪ ತಡೆದು ಹೇಳುತ್ತೇನೆ.

ನಮ್ಮೂರಲ್ಲಿ ಯಾರೂ ಸಾಯಲಿಲ್ಲ. ಗೋಡೆ ಬಿರುಕು ಬಿಟ್ಟವು, ಮಠದ ಹಿಂದಿನ ದನದ ಕೊಟ್ಟಿಗೆ ಕುಸಿಯಿತು. ಊರಿಗೆ ಊರೇ ಚಾವಡಿ ಮುಂದೆ ಕುಳಿತಿತ್ತು. ಬೆಳಗಾದ ಮೇಲೆ ಭೂಕಂಪ ನೆಲಸಮ ಮಾಡಿದ ಮಹಾರಾಷ್ಟ್ರದ ಕಿಲ್ಲಾರಿ, ಸಾಸ್ತೂರು ಅನ್ನುವ ಹೆಸರು ಕಿವಿಗೆ ಬಿದ್ದವು. ನಮಗೆ ಅವು ದೂರದ ಊರುಗಳಲ್ಲ. ಆಳಂದ ದಾಟಿ ಖಜೂರಿ, ಗಡಿ ದಾಟಿದರೆ ಉಮರ್ಗಾ, ಅಲ್ಲಿಂದ ಸ್ವಲ್ಪ ಮುಂದೆ. ನಮ್ಮ ಕಡೆಯ ಹೆಣ್ಣುಮಕ್ಕಳನ್ನು ಕೊಟ್ಟ ಊರುಗಳು ಆ ಕಡೆ ಎಷ್ಟಿಲ್ಲ ಹೇಳು. ಅಲ್ಲಿಯೂ ಜನ ಗಣಪತಿ ಕಳಿಸಿ ದಣಿದು ಮಲಗಿದ್ದರು. ಸತ್ತವರು ಸರ್ಕಾರದ ಲೆಕ್ಕದಲ್ಲಿ ಸುಮಾರು 8,000. ನಮ್ಮ ಜನ ಇವತ್ತಿಗೂ ಹತ್ತು ಸಾವಿರ ಅನ್ನುತ್ತಾರೆ.

ಊರಿನ ಹೆಂಗಸರಿಗೆ ಒಳಗೆ ಹೋಗಲು ಭಯ. ಅಂಗಳದಲ್ಲಿ ಮೂರು ಕಲ್ಲು ಹೂಡಿ ಎರಡು ದಿನ ರೊಟ್ಟಿ ಬಡಿದರು. ಕಟಕ ರೊಟ್ಟಿ, ಶೇಂಗಾ ಹಿಂಡಿ. ಹಳೆಯ ಧೋತರದಲ್ಲಿ ಗಂಟು ಕಟ್ಟಿದರು. ನಿನ್ನ ಅವ್ವ ಲೆಕ್ಕ ಇಡುತ್ತಿದ್ದಳು, ನೂರಾದರೆ ಒಂದು ಗಂಟು. ನನ್ನ ಅಪ್ಪ, ನಿನ್ನ ಕಾಕಾ ಇನ್ನೂ ಕೆಲವರು ಟ್ರ್ಯಾಕ್ಟರ್ ಹತ್ತಿ ಹೋದರು. ಮಳೆ ಸುರಿಯುತ್ತಿತ್ತು. ಮೂರನೇ ದಿನ ಅಪ್ಪ ಬಂದ. ಅವ್ವ ತಾಟು ಇಟ್ಟಳು. ಮುಟ್ಟಲಿಲ್ಲ. ಬಹಳ ಹೊತ್ತಿನ ಮೇಲೆ ಒಂದೇ ಮಾತು ಹೇಳಿದ. "ಸುಡಾಕ ಕಟಗಿ ಸಾಲವಲ್ಲವು. ಮನಿ ತೊಲಿ ಕಿತ್ತಿ ಹಚ್ಯಾರ."

ಅಪ್ಪ ಸಾಯುವ ತನಕ ಅದರ ಬಗ್ಗೆ ಇನ್ನೊಂದು ಮಾತು ಆಡಲಿಲ್ಲ.

ನಾವು ಹುಡುಗರಿಗೆ ಮಾತ್ರ ಅದು ಹಬ್ಬದ ಹಾಗೆ ಇತ್ತು ಅಂತ ಹೇಳಿಕೊಳ್ಳಲು ಈಗ ಸಂಕಟ ಆಗುತ್ತದೆ. ಶಾಲೆ ಇಲ್ಲ. ರಾತ್ರಿ ಕಣದಲ್ಲಿ ಎಲ್ಲರ ಹಾಸಿಗೆ ಒಟ್ಟಿಗೆ. ಕಂಬಳಿ ಮೇಲೆ ಇಬ್ಬನಿ. "ಇವತ್ತು ರಾತ್ರಿ ದೊಡ್ಡದು ಬರ್ತದಂತ" ಅಂತ ದಿನಾ ಒಬ್ಬರು ಸುದ್ದಿ ತರುತ್ತಿದ್ದರು. ಆ ಸುದ್ದಿ ಬಂದಾಗ ನೀನು ನನ್ನ ಪಕ್ಕ ಬಂದು ಮಲಗುತ್ತಿದ್ದೆ. ಯಾಕೆ ಅಂತ ನಿನಗೂ ಗೊತ್ತು, ನನಗೂ ಗೊತ್ತು. ನಾನು ಆಯಿಯನ್ನು ಉಳಿಸಿದ ಹುಡುಗ. ನನ್ನ ಪಕ್ಕ ಇದ್ದರೆ ನಿನ್ನನ್ನೂ ಎಬ್ಬಿಸುತ್ತೇನೆ.

ದೋಸ್ತಾ, ನಾನು ಆಯಿಯನ್ನು ಎಬ್ಬಿಸಲಿಲ್ಲ.

ಮಣ್ಣು ಮುಖಕ್ಕೆ ಬಿದ್ದ ಕೂಡಲೇ ಎದ್ದೆ, ಓಡಿದೆ. ಬಾಗಿಲಿಗೂ ನನಗೂ ನಡುವೆ ಆಯಿ ಮಲಗಿದ್ದಳು. ದಾಟುವಾಗ ಅವಳ ಕೈಯ ಮೇಲೆ ಹಿಮ್ಮಡಿ ಊರಿದೆ. ಮೆತ್ತಗಿನ ಕೈ, ಕೆಳಗೆ ಗಟ್ಟಿ ನೆಲ. ಅವಳು "ಅಯ್ಯ" ಅಂದಿದ್ದು ಕೇಳಿಸಿತು. ಕೇಳಿಸಿತು ದೋಸ್ತಾ. ತಿರುಗಿ ನೋಡಲಿಲ್ಲ. ಅಂಗಳ ದಾಟಿ ಬೇವಿನ ಮರದ ತನಕ ಹೋದ ಮೇಲೇ ನಿಂತೆ. ಆಯಿ ಮೊಣಕಾಲು ನೋವಿನವಳು. ಗೋಡೆ ಹಿಡಿದುಕೊಂಡು ಒಬ್ಬಳೇ ಬಂದಳು. ತಲೆ ತುಂಬ ಮಣ್ಣು.

ಬೆಳಕು ಹರಿದಾಗ ಅವಳ ಬಲಗೈ ಮಣಿಕಟ್ಟು ಉಬ್ಬಿತ್ತು. ಅವ್ವ ಅರಿಶಿಣ ಹಚ್ಚಿ ಕಟ್ಟುತ್ತಾ ಏನಾಯಿತು ಅಂತ ಕೇಳಿದಳು. ನಾನು ಅಲ್ಲೇ ನಿಂತಿದ್ದೆ. ನನ್ನ ಹೊಟ್ಟೆಯೊಳಗೆ ಇನ್ನೊಂದು ಸಲ ನೆಲ ನಡುಗಿತು. ಆಯಿ ನನ್ನ ಕಡೆ ನೋಡಲೇ ಇಲ್ಲ. "ನನ್ನ ಮಗಾ ಕೈ ಹಿಡದು ಎಳದಾನ. ಇಲ್ಲಂದ್ರ ನಾ ಅಲ್ಲೇ ಹೂತು ಹೋಗ್ತಿದ್ದೆ" ಅಂದಳು. ಚಾವಡಿ ಮುಂದೆ ಕುಳಿತವರಿಗೆಲ್ಲ ಆ ಉಬ್ಬಿದ ಕೈ ಎತ್ತಿ ತೋರಿಸಿದಳು.

ನಾನು ಇಲ್ಲ ಅನ್ನಲಿಲ್ಲ.

ಶಾಲೆ ಮತ್ತೆ ಶುರುವಾದಾಗ ಮಾಸ್ತರು ಆ ರಾತ್ರಿ ಯಾರು ಏನು ಮಾಡಿದಿರಿ ಅಂತ ಒಬ್ಬೊಬ್ಬರನ್ನೇ ಕೇಳಿದರಲ್ಲ. ನೀನು ಎದ್ದು ನಿಂತು "ನಾ ಓಡಿ ಹ್ವಾದೆ ಸರ್. ತಮ್ಮ ಒಳಗೇ ಇದ್ದ. ಅವ್ವ ಎತಗೊಂಡು ಬಂದಳು" ಅಂದಿದ್ದೆ. ಸುಳ್ಳು ಹೇಳಬಹುದು ಅಂತಲೂ ನಿನಗೆ ಹೊಳೆಯಲಿಲ್ಲ. ಕ್ಲಾಸು ನಕ್ಕಿತು. ನನ್ನ ಸರದಿ ಬಂದಾಗ ನಾನು ಬಾಯಿ ತೆರೆಯುವ ಮೊದಲೇ ಹಿಂದಿನ ಬೆಂಚಿನವರು ಆಯಿಯ ಕಥೆ ಹೇಳಿಬಿಟ್ಟರು. ಮಾಸ್ತರು ಚಪ್ಪಾಳೆ ಹೊಡೆಸಿದರು. ಎಲ್ಲರಿಗಿಂತ ಜೋರಾಗಿ ಹೊಡೆದವನು ನೀನು. ಸಂಜೆ ನಿನ್ನ ನಾಲ್ಕು ಬಣ್ಣದ ಪೆನ್ನು ನನಗೆ ಕೊಟ್ಟೆ. ನಿನ್ನ ಕಾಕಾ ಸೊಲ್ಲಾಪುರದಿಂದ ತಂದಿದ್ದು, ಯಾರಿಗೂ ಮುಟ್ಟಲು ಬಿಡುತ್ತಿರಲಿಲ್ಲ.

ಆವತ್ತಿನಿಂದ ನೀನು ಪಳಪುಟ್ಯಾ, ಅಂದರೆ ಹೆದರಿ ಓಡಿಹೋಗುವವ. ಗಡಿಯ ಹುಡುಗರು ನಾವು, ಇಂಥ ಹೆಸರಿಡಲು ಮರಾಠಿಯೇ ಬೇಕು. ಕಬಡ್ಡಿಯಲ್ಲಿ ಪಳಪುಟ್ಯಾ, ಜಾತ್ರೆಯಲ್ಲಿ ಪಳಪುಟ್ಯಾ. ಹತ್ತನೇ ಕ್ಲಾಸಿನ ಫೋಟೊ ಹಿಂದೆಯೂ ಯಾರೋ ಅದನ್ನೇ ಬರೆದರು. ನಾನೂ ಕರೆದಿದ್ದೇನೆ. ನಿನ್ನ ಮದುವೆಯ ಊಟದ ಪಂಕ್ತಿಯಲ್ಲಿ, ನಿನ್ನ ಹೆಂಡತಿಯ ಮುಂದೆ ಆ ಹೆಸರು ಹಿಡಿದು ಕರೆದವನು ನಾನೇ. ಎಲ್ಲರೂ ನಕ್ಕರು. ನೀನೂ ನಕ್ಕೆ. ಆಮೇಲೆ ನೀನು ಊರಿಗೆ ಬರುವುದು ಕಡಿಮೆ ಮಾಡಿದೆ. ಕೆಲಸ, ರಜೆ ಸಿಗಲ್ಲ ಅನ್ನುತ್ತಿದ್ದೆ. ನಾನೂ ಹಾಗೇ ಅಂದುಕೊಂಡೆ. ಹಾಗೆ ಅಂದುಕೊಳ್ಳುವುದು ಸುಲಭ ಇತ್ತು.

ನಾಲ್ಕು ವರ್ಷದ ಹಿಂದೆ ಹಳೆ ಮನೆ ಕೆಡವಿದೆ, ನಿನಗೆ ಫೋಟೊ ಕಳಿಸಿದ್ದೆ. ಫೋಟೊದಲ್ಲಿ ಕಾಣದ ಒಂದು ವಿಷಯ ಹೇಳುತ್ತೇನೆ. ಮಾಳಿಗೆಯ ಮಣ್ಣು ಕಡಿಯುವಾಗ ಒಂದು ಕಡೆ ಮಗ್ಗುಲು ಸ್ವಚ್ಛವಾಗಿ ಕಂಡಿತು. ಪದರ ಪದರ. ಒಂದು ಬಿಳಿ, ಒಂದು ಹಳದಿ, ನಡುವೆ ತೆಳ್ಳಗೆ ಹೊಟ್ಟು. ಪ್ರತಿ ವರ್ಷ ಮಳೆಗೆ ಮೊದಲು ಸೋರಬಾರದು ಅಂತ ಹಾಕಿಸುತ್ತಿದ್ದ ಮಣ್ಣು. ಹಳೆಯದನ್ನು ಯಾರೂ ತೆಗೆಯುತ್ತಿರಲಿಲ್ಲ, ಅದರ ಮೇಲೇ ಹೊಸದು. ಮೊಳ ಹಾಕಿ ನೋಡಿದೆ. ಒಂದು ಮೊಳಕ್ಕಿಂತ ಜಾಸ್ತಿ ಇತ್ತು. ನನ್ನ ಅಜ್ಜ, ಮುತ್ತಜ್ಜ ಹಾಕಿಸಿದ್ದೂ ಅದರಲ್ಲಿ ಇತ್ತು. ಕಿಲ್ಲಾರಿಯಲ್ಲೂ ಇದೇ ಮಾಳಿಗೆ. ಮಣ್ಣಲ್ಲಿ ಜೋಡಿಸಿದ ದುಂಡುಕಲ್ಲಿನ ದಪ್ಪ ಗೋಡೆ, ತಲೆಯ ಮೇಲೆ ಇಷ್ಟು ಭಾರ. ಗೋಡೆ ಬಿಚ್ಚಿಕೊಂಡ ಕೂಡಲೇ ಆ ಭಾರ ಮಲಗಿದವರ ಮೇಲೆ ಕುಳಿತಿತು. ತೊಲೆ, ಕಂಬ ಸರಿಯಾಗಿ ಕೂಡಿಸಿದ್ದ ಕೆಲವು ಮನೆಗಳಲ್ಲಿ ಗೋಡೆ ಬಿದ್ದರೂ ಕಂಬ ನಿಂತಿದ್ದವು. ಹಿಂದಿನ ವರ್ಷ, 1992ರಲ್ಲಿ, ಆ ಭಾಗದಲ್ಲಿ ನೆಲ ಹಲವು ಸಲ ನಡುಗಿತ್ತು. ಹೆದರಿ ಊರು ಬಿಟ್ಟವರು ಎಲ್ಲ ಶಾಂತ ಆಯಿತು ಅಂತ ವಾಪಸ್ ಬಂದಿದ್ದರು. ಆಗಿನ ಭೂಕಂಪದ ನಕ್ಷೆಯಲ್ಲಿ ಅದು ಎಲ್ಲಕ್ಕಿಂತ ಕಡಿಮೆ ಅಪಾಯದ ಜಾಗ. ದಖ್ಖನ್ನಿನ ಕರಿಕಲ್ಲು ಅಲುಗಾಡುವುದಿಲ್ಲ ಅಂತ ಎಲ್ಲರೂ ನಂಬಿದ್ದರು.

ಆ ಮಣ್ಣು ನೋಡುತ್ತಾ ನಿಂತಾಗ ನನಗೆ ಅನಿಸಿದ್ದು ಒಂದೇ. ನಮ್ಮ ಮನೆ ಇಪ್ಪತ್ತು ಮೂವತ್ತು ಮೈಲಿ ಆ ಕಡೆ ಇದ್ದಿದ್ದರೆ ಆಯಿ ಗೋಡೆ ಹಿಡಿದುಕೊಂಡು ಹೊರಗೆ ಬರುತ್ತಿರಲಿಲ್ಲ.

ಇನ್ನೊಂದು ಇದೆ. ಅದನ್ನೂ ಹೇಳಿಬಿಡುತ್ತೇನೆ. 2021ರ ಅಕ್ಟೋಬರ್‌ನಲ್ಲಿ ಚಿಂಚೋಳಿ ತಾಲ್ಲೂಕಿನ ಗಡಿಕೇಶ್ವಾರದಲ್ಲಿ ನೆಲ ಮತ್ತೆ ಮತ್ತೆ ನಡುಗಿತಲ್ಲ. ಅಕ್ಕನ ಮನೆ ಅದೇ ಕಡೆ. ಜನ ಗಂಟುಮೂಟೆ ಕಟ್ಟಿ ನೆಂಟರ ಊರಿಗೆ ಹೊರಟಿದ್ದರು. ನಾನು ಗಾಡಿ ತೆಗೆದುಕೊಂಡು ಅಕ್ಕನ ಮನೆಯವರನ್ನು ಕರೆತರಲು ಹೋದೆ. ಅಂಗಳದಲ್ಲಿ ತಾಡಪತ್ರಿ ಕಟ್ಟಿಕೊಂಡು ಎಲ್ಲರೂ ಕುಳಿತಿದ್ದರು. "ಮಾಮಾ ಬಂದಾನ ನೋಡು, ಅವನ ಕಡಿಂದ ಕಲಿ. ಅವ ಆಯಿನ ಎಳಕೊಂಡು ಬಂದಿದ್ದ. ನೀ ತಂಗಿನ ಬಿಟ್ಟು ಎಲ್ಲಾರಕಿಂತ ಮೊದಲ ಓಡಿದಿ" ಅಂತ ಯಾರೋ ಅಕ್ಕನ ಮಗನಿಗೆ ಅಂದರು. ಹನ್ನೊಂದು ವರ್ಷದ ಹುಡುಗ. ನನ್ನ ಮುಖ ನೋಡಿದ.

ನಾನೂ ಓಡಿದ್ದೆ ಅಂತ ಹೇಳಲು ಎರಡು ಶಬ್ದ ಸಾಕಿತ್ತು. ಬರಲಿಲ್ಲ. ಆಳಂದದ ತನಕ ಅವನು ಹಿಂದಿನ ಸೀಟಿನಲ್ಲಿ ಕಿಟಕಿಗೆ ಹಣೆ ಒತ್ತಿ ಕುಳಿತಿದ್ದ. ನಾನು ಕನ್ನಡಿಯಲ್ಲಿ ನೋಡುತ್ತಾ ಗಾಡಿ ಓಡಿಸಿದೆ. ಆ ದಾರಿಯಲ್ಲಿ ನಿನ್ನ ನೆನಪಾಗಿದ್ದು ಎಷ್ಟು ಸಲ ಅಂತ ಹೇಗೆ ಹೇಳಲಿ.

ಹನ್ನೆರಡು ವರ್ಷದ ಹುಡುಗ ಭೂಕಂಪದಲ್ಲಿ ಓಡುವುದು ತಪ್ಪಲ್ಲ. ನೀನು ಓಡಿದ್ದೂ ತಪ್ಪಲ್ಲ, ನಾನು ಓಡಿದ್ದೂ ತಪ್ಪಲ್ಲ. ನಿನ್ನ ಚಪ್ಪಾಳೆ ತೆಗೆದುಕೊಂಡೆನಲ್ಲ, ಪೆನ್ನು ತೆಗೆದುಕೊಂಡೆನಲ್ಲ, ಆಮೇಲೆ ಎಲ್ಲರ ಜೊತೆ ಸೇರಿ ನಿನ್ನನ್ನು ಆ ಹೆಸರಿನಿಂದ ಕರೆದೆನಲ್ಲ, ಅದು ತಪ್ಪು. ನಿನ್ನನ್ನು ಎಲ್ಲರ ಮುಂದೆ ಕರೆದವನು ಕ್ಷಮೆಯನ್ನು ಫೋನಲ್ಲಿ ಗುಟ್ಟಾಗಿ ಕೇಳಬಾರದು ಅಂತ ಇಲ್ಲಿ ಬರೆದೆ. ಕ್ಷಮಿಸು ದೋಸ್ತಾ.

ಆಯಿ ಯಾಕೆ ಹಾಗೆ ಹೇಳಿದಳು ಅಂತ ರಾತ್ರಿಯೆಲ್ಲ ಯೋಚಿಸಿದೆ. ಅಪ್ಪ ಹೊಡೆಯುತ್ತಾನೆ ಅಂತಲೋ, ನಾನು ಕುಗ್ಗಿಹೋಗುತ್ತೇನೆ ಅಂತಲೋ. ಅವಳು ಬದುಕಿದ್ದ ಅಷ್ಟೂ ವರ್ಷ ನಾವಿಬ್ಬರೇ ಇದ್ದಾಗಲೂ ಆ ಮಾತು ಎತ್ತಲಿಲ್ಲ. ಕೊನೆಯ ದಿನಗಳಲ್ಲಿ ಅವಳ ಕೈ ಹಿಡಿದುಕೊಂಡು ಕುಳಿತಿರುತ್ತಿದ್ದೆ. ಅದೇ ಬಲಗೈ. ಕೇಳಬೇಕು ಅಂತ ಬಾಯಿ ತನಕ ಬರುತ್ತಿತ್ತು. ಅವಳು "ಉಂಡಿ ಏನೋ?" ಅಂತ ಕೇಳುತ್ತಿದ್ದಳು. ಉಂಡೆ ಅನ್ನುತ್ತಿದ್ದೆ.

ಈ ಮನೆಯಲ್ಲಿ ನಾನು ಇವತ್ತಿಗೂ ಬಾಗಿಲ ಹತ್ತಿರವೇ ಮಲಗುತ್ತೇನೆ. ಮನೆ ಕಾಯಲು ಅಂತ ಹೆಂಡತಿ ಅಂದುಕೊಂಡಿದ್ದಾಳೆ. ಇದನ್ನು ಓದಿದರೆ ಅವಳಿಗೂ ಗೊತ್ತಾಗುತ್ತದೆ. ಮಗಳಿಗೆ ಸಂಜೆ ಶಾಲೆಯಿಂದ ಬಂದ ಮೇಲೆ ನಾನೇ ಹೇಳುತ್ತೇನೆ. ಅಕ್ಕನ ಮಗನಿಗೂ ಫೋನ್ ಮಾಡಬೇಕು, ಈಗ ಕಲಬುರಗಿಯಲ್ಲಿ ಪಿಯುಸಿ ಓದುತ್ತಿದ್ದಾನೆ.

ಅಬ್ಬಾ, ಇಷ್ಟು ಬರೆಯುತ್ತೇನೆ ಅಂದುಕೊಂಡಿರಲಿಲ್ಲ. ಎಳ್ಳಮಾಸಿಗೆ ಬಾ. ಈ ಸಲ ರಜೆ ಸಿಗಲ್ಲ ಅನ್ನಬೇಡ. ಹೊಲದಲ್ಲಿ ಚರಗ ಚೆಲ್ಲೋಣ. ಭಜ್ಜಿ, ಸಜ್ಜಿ ರೊಟ್ಟಿ, ಶೇಂಗಾ ಹೋಳಿಗೆ ಎಲ್ಲ ಇರುತ್ತದೆ. ನಿನ್ನ ಮಕ್ಕಳಿಗೆ ನಮ್ಮ ಬಾವಿ ತೋರಿಸೋಣ. ಹಳೆ ಮನೆಯ ತೊಲೆಯಲ್ಲಿ ಒಂದನ್ನು ಮಾರದೆ ಇಟ್ಟಿದ್ದೇನೆ, ಬೇವಿನ ಮರದ ಕೆಳಗೆ ಹಾಕಿದ್ದೇನೆ. ಇಬ್ಬರು ಆರಾಮಾಗಿ ಕುಳಿತುಕೊಳ್ಳಬಹುದು.

ಪೆನ್ನು ಇನ್ನೂ ನನ್ನ ಹತ್ತಿರ ಇದೆ. ಕೊಡುತ್ತೇನೆ. ಹಸಿರು ಇಂಕು ಮಾತ್ರ ನೀನು ಕೊಡುವಾಗಲೇ ಮುಗಿದಿತ್ತು, ಅದನ್ನು ಕೇಳಬೇಡ.

ನಿನ್ನ
ಬೇವಿನ ಮರದ ಮನೆಯವ