ಕೈಗುಣದ ಮಾತು ಬೇಡ, ಪುಟ್ಟಿ

ಪ್ರೀತಿಯ ಪುಟ್ಟಿಗೆ,

ನಿನ್ನ ಕಾಗದ ನಿನ್ನೆ ಬಂತು. ಮಿಕ್ಕಿದ್ದೆಲ್ಲ ಆಮೇಲೆ ಮಾತಾಡೋಣ. ಕೊನೆಯಲ್ಲಿ ಒಂದು ಸಾಲು ಬರೆದಿದ್ದೀಯಲ್ಲ, "ಆರು ವಾರವಾಯ್ತು ದೊಡ್ಡಮ್ಮ, ಒಂದು ಪ್ಲೇಟಿನಲ್ಲೂ ಏನೂ ಬೆಳೆದಿಲ್ಲ, ನನ್ನ ಕೈಗುಣವೇ ಸರಿಯಿಲ್ಲವೇನೋ" ಅಂತ. ಅದನ್ನು ಓದಿದ ಮೇಲೆ ರಾತ್ರಿ ನಿದ್ದೆ ಹತ್ತಲಿಲ್ಲ.

ಅದೇ ಮಾತನ್ನು ನಾನು ಒಬ್ಬನಿಗೆ ಅಂದಿದ್ದೆ.

1995ಕ್ಕಿಂತ ಮುಂಚಿನ ಮಾತು. ಲ್ಯಾಬಿಗೆ ಹೊಸದಾಗಿ ಸೇರಿದ್ದ ಹುಡುಗ. ಅವನದೂ ನಿನ್ನದೇ ಕೆಲಸ, ನಿನ್ನದೇ ಬ್ಯಾಕ್ಟೀರಿಯ. ಆಗ ಅದಕ್ಕೆ ಥಯೋಬ್ಯಾಸಿಲಸ್ ಅಂತಿದ್ದೆವು, ನೀವೀಗ ಅಸಿಡಿಥಯೋಬ್ಯಾಸಿಲಸ್ ಫೆರೊಆಕ್ಸಿಡಾನ್ಸ್ ಅನ್ನುತ್ತೀರಿ. ಫ್ಲಾಸ್ಕಿನಲ್ಲಿ ಚೆನ್ನಾಗಿ ಬೆಳೆಯುತ್ತಿತ್ತು. ಕಬ್ಬಿಣ ಕರಗಿಸಿದ ತಿಳಿಹಸಿರು ನೀರು ದಿನ ಕಳೆದಂತೆ ತುಕ್ಕಿನ ಬಣ್ಣಕ್ಕೆ ತಿರುಗಿ, ಗಾಜಿಗೆ ಹಳದಿ ಪುಡಿ ಅಂಟಿಕೊಳ್ಳುತ್ತಿತ್ತು. ಅದನ್ನೇ ಅಗಾರ್, ಅಂದರೆ ಕಡಲಪಾಚಿಯ ಜೆಲ್ಲಿ, ಹಾಕಿದ ಪ್ಲೇಟಿಗೆ ಹಚ್ಚಿದರೆ ಏನೂ ಇಲ್ಲ. ತಿಂಗಳುಗಟ್ಟಲೆ ಹೀಗೇ. ಒಂದು ದಿನ ಎಲ್ಲರ ಎದುರು "ನಿನ್ನ ಕೈಗುಣವೇ ಸರಿಯಿಲ್ಲ ಬಿಡು" ಅಂದುಬಿಟ್ಟೆ. ಅವನು ಮಾತಾಡಲಿಲ್ಲ. ಗಾಜಿನ ಪ್ಲೇಟುಗಳನ್ನೆಲ್ಲ ತೊಳೆದು ಒರೆಸಿಟ್ಟು ಹೋದ. ಮಾರನೆ ದಿನ ಬರಲಿಲ್ಲ. ಮತ್ತೆಂದೂ ಬರಲಿಲ್ಲ.

ತಪ್ಪು ಅಗಾರ್‌ದಾಗಿತ್ತು, ಪುಟ್ಟಿ. ಆಸಿಡ್ ತಗುಲಿದರೆ ಅಗಾರ್ ಸ್ವಲ್ಪ ಸ್ವಲ್ಪ ಒಡೆದು ಸಕ್ಕರೆ ಬಿಡುತ್ತದೆ. ಕಬ್ಬಿಣದಿಂದ ಶಕ್ತಿ ಪಡೆದು ಬದುಕುವ ಈ ಜೀವಕ್ಕೆ ಅದೇ ವಿಷ. ಸಕ್ಕರೆಯಷ್ಟೇ ಅಲ್ಲ, ಕೆಲವು ಆಸಿಡ್‌ಗಳೂ ಹಾಗೇ. ಪಿಎಚ್ (ಹುಳಿಯ ಅಳತೆ, ಕಡಿಮೆಯಾದಷ್ಟೂ ಹುಳಿ ಜಾಸ್ತಿ) 2ರ ಸಲ್ಫ್ಯೂರಿಕ್ ಆಸಿಡ್ ನೀರಿನಲ್ಲಿ ಹಾಯಾಗಿರುತ್ತದೆ, ಆದರೆ ವಿನೆಗರ್‌ನಲ್ಲಿರುವ ಅಸಿಟಿಕ್ ಆಸಿಡ್ ಒಂಚೂರು ಬಿದ್ದರೂ ಸಾಯುತ್ತದೆ. ಯಾಕೆ ಗೊತ್ತಾ? ಹೊರಗೆ ಎಷ್ಟೇ ಹುಳಿ ಇರಲಿ, ಅದರ ಒಳಗಿನ ಪಿಎಚ್ ಸುಮಾರು 6.5. ಹುಳಿ ಮಾಡುವ ಕಣಗಳಾದ ಪ್ರೋಟಾನ್‌ಗಳನ್ನು ಅದರ ಪೊರೆ ಹೊರಗೇ ತಡೆಯುತ್ತದೆ. ಅಸಿಟಿಕ್ ಆಸಿಡ್ ಮಾತ್ರ ಒಡೆಯದೆ ಇಡಿಯಾಗಿ ಪೊರೆ ದಾಟಿ ಒಳಗೆ ಹೋಗುತ್ತದೆ, ಹೋಗಿ ಅಲ್ಲಿ ಪ್ರೋಟಾನ್ ಬಿಡುತ್ತದೆ. ಜೀವ ಒಳಗೇ ಹುಳಿಯಾಗಿ ಸಾಯುತ್ತದೆ.

ಇದರಲ್ಲಿ ನಿನ್ನ ಕೈ ಎಲ್ಲಿ ಬಂತು ಹೇಳು?

ವೇಲ್ಸ್‌ನ ಸೂಕ್ಷ್ಮಜೀವಿ ವಿಜ್ಞಾನಿ ಬ್ಯಾರಿ ಜಾನ್ಸನ್ 1995ರಲ್ಲಿ ಬರೆದದ್ದನ್ನು ಓದಿದಾಗ ನನಗೆ ಕೈಕಾಲೇ ಆಡಲಿಲ್ಲ. ಎರಡು ಪದರದ ಪ್ಲೇಟು. ಕೆಳಗಿನ ಪದರದಲ್ಲಿ ಅಸಿಡಿಫಿಲಿಯಮ್ ಅನ್ನುವ ಇನ್ನೊಂದು ಬ್ಯಾಕ್ಟೀರಿಯ ಸೇರಿಸಿರುತ್ತಾರೆ. ಅಗಾರ್ ಬಿಡುವ ಸಕ್ಕರೆಯನ್ನು ಅದು ತಿಂದುಹಾಕುತ್ತದೆ. ಮೇಲಿನ ಪದರದಲ್ಲಿ ನಮ್ಮದು ನೆಮ್ಮದಿಯಾಗಿ ಬೆಳೆಯುತ್ತದೆ. ಮಾಡಿ ನೋಡಿದೆ. ಎರಡನೇ ವಾರದ ಕೊನೆಗೆ ತುಕ್ಕಿನ ಚುಕ್ಕಿಗಳು ಎದ್ದವು, ಸಾಸಿವೆಗಿಂತ ಚಿಕ್ಕವು. ಆ ಪ್ಲೇಟನ್ನು ಕೈಯಲ್ಲಿ ಹಿಡಿದು ಎಷ್ಟೋ ಹೊತ್ತು ನಿಂತಿದ್ದೆ. ಆ ಹುಡುಗನಿಗೆ ಒಂದು ಕಾಗದ ಬರೆಯಬೇಕಿತ್ತು. ನಾಳೆ, ನಾಡಿದ್ದು ಅಂತ ಮುಂದೆ ಹಾಕಿದೆ. ಬರೆಯಲೇ ಇಲ್ಲ.

ನಾನು ಕೆಲಸ ಬಿಟ್ಟು ವರ್ಷಗಳಾದವು, ನಿಮ್ಮ ಗೈಡ್‌ಗೆ ಇದೆಲ್ಲ ನನಗಿಂತ ಜಾಸ್ತಿ ಗೊತ್ತಿರಬಹುದು. ಆದರೂ ಕೇಳುತ್ತೇನೆ, ಅಗಾರ್ ಮತ್ತು ಆಸಿಡ್ ಎರಡನ್ನೂ ಒಟ್ಟಿಗೆ ಆಟೋಕ್ಲೇವ್ (ಒತ್ತಡದ ಹಬೆಯಲ್ಲಿ ಕಾಯಿಸಿ ಕ್ರಿಮಿ ಕೊಲ್ಲುವುದು) ಮಾಡುತ್ತಿಲ್ಲ ಅಲ್ವಾ? ಬೇರೆ ಬೇರೆ ಮಾಡಿ, ಸ್ವಲ್ಪ ಆರಿದ ಮೇಲೆ, ಅಗಾರ್ ಗಟ್ಟಿಯಾಗುವ ಮುಂಚೆ ಬೆರೆಸು. ಇನ್ನೊಂದು, ಪಾಪ ಅಂತ ಪಿಎಚ್ ಏರಿಸಬೇಡ. ನಾನು ಆ ಕೆಲಸವನ್ನೂ ಮಾಡಿದ್ದೇನೆ. ಜಪಾನಿನಲ್ಲಿ ಸಿಕ್ಕ ಪಿಕ್ರೋಫಿಲಸ್ ಅನ್ನುವ ಸೂಕ್ಷ್ಮಜೀವಿಗೆ ಪಿಎಚ್ 0.7 ಅಂದರೆ ಸುಖ, 4 ದಾಟಿದರೆ ಅದು ಬೆಳೆಯುವುದೇ ಇಲ್ಲ. ನಮಗೆ ಉರಿ ಅನ್ನಿಸುವುದು ಅವಕ್ಕೆ ಮನೆ.

ಕೈಗುಣ ಅಂತ ಇನ್ನೊಮ್ಮೆ ಬರೆಯಬೇಡ, ನನಗೆ ತಡೆಯಲಾಗುವುದಿಲ್ಲ. ಸುಮ್ನೆ ನಾಳೆ ಬೆಳಿಗ್ಗೆ ಎರಡು ಫ್ಲಾಸ್ಕ್ ಅಕ್ಕಪಕ್ಕ ಇಡು, ಒಂದಕ್ಕೆ ಬ್ಯಾಕ್ಟೀರಿಯ ಹಾಕು, ಇನ್ನೊಂದಕ್ಕೆ ಏನೂ ಹಾಕಬೇಡ. ಒಂದು ವಾರ ಬಿಟ್ಟು ಎರಡರ ಬಣ್ಣ ಹೇಗಿದೆ ಅಂತ ನನಗೆ ಬರೆ.

ನಿನ್ನ,
ದೊಡ್ಡಮ್ಮ